ಷರಾ

ಬ್ಯಾಂಕಿನವರ ಪಟ್ಟಿಯಲ್ಲಿ ಬಚ್ಚಲಿಗೆ ಎರಡೇ ಸಾಲು:
ಕಿಟಕಿ: ಇದೆ / ಇಲ್ಲ.
ಗಾಳಿ: ಇದೆ / ಇಲ್ಲ.
ಕೊನೆಗೆ ಷರಾ ಅಂತ ಬೆರಳಗಲ ಜಾಗ.
ಹನ್ನೊಂದು ವರ್ಷದಿಂದ ಅಲ್ಲೊಂದು ಗೀಟೆಳೆದು
ಸಹಿ ಹಾಕುತ್ತಿದ್ದೇನೆ.

ಚೀಲದಲ್ಲಿ ಟೇಪು, ಟಾರ್ಚು, ತೂಗುಗುಂಡು,
ಮತ್ತೆ ಕೆಸರೆಯ ಊದುಬತ್ತಿ ಒಂದು ಕಟ್ಟು,
ಸುಗಂಧ ಅದ್ದದ ಬರೀ ಬತ್ತಿ.
ಅಮ್ಮ ಹೊಸೆಯುತ್ತಿದ್ದಳು, ಸಾವಿರಕ್ಕೆ ಇಷ್ಟು ಅಂತ.
ಇದ್ದಿಲ ಪುಡಿ ಹಾರದಿರಲೆಂದು ಕಿಟಕಿ ಮುಚ್ಚಿಕೊಂಡು
ಕಪ್ಪಗೆ ಕೆಮ್ಮುತ್ತಿದ್ದಳು.
ಗಾಳಿ ಅಂದರೇನು ಅಂತ ನಾನು ಡಿಪ್ಲೊಮಾದಲ್ಲಿ ಕಲಿತದ್ದಲ್ಲ.

ವಿಜಯನಗರ ಮೂರನೇ ಹಂತ. ಷಡಕ್ಷರಪ್ಪನವರ ಮನೆ ಮಾರಾಟಕ್ಕಿದೆ.
ಮಹಡಿಯಲ್ಲಿ ಬಾಡಿಗೆಗೆ ದಾಕ್ಷಾಯಿಣಿ, ದೊಡ್ಡಾಸ್ಪತ್ರೆಯ ನರ್ಸು,
ರಾತ್ರಿ ಪಾಳಿ ಮುಗಿಸಿ ಬಂದವಳ ಕಣ್ಣಲ್ಲಿ
ಇನ್ನೂ ಆರದ ಟ್ಯೂಬ್‌ಲೈಟು.
"ಕಿಟಕಿ ಇದೆ ಅಂತ ಬರ್ಕೊಳ್ಳಿ ಮೇಡಂ, ಪ್ಲಾನಲ್ಲೇ ಇದೆ,
ಒಂದೂವರೆಗೆ ಎರಡಡಿ."
ಯಜಮಾನರು ಬಾಗಿಲಾಚೆಯಿಂದಲೇ.

ಇತ್ತು.
ಕಿಟಕಿಯ ತುಂಬ ಎಕ್ಸ್‌ರೇ ಹಾಳೆ,
ನಾಲ್ಕೂ ಅಂಚಿಗೆ ಗಾಯಕ್ಕೆ ಹಚ್ಚುವ ಬಿಳಿ ಟೇಪು.
ಬೆಳಗಿನ ಬಿಸಿಲು ಯಾರದೋ ಪಕ್ಕೆಲುಬು ಎಣಿಸಿಕೊಂಡು
ಬಕೆಟ್ಟಿನ ನೀರಿಗೆ ಇಳಿಯುತ್ತಿತ್ತು.
ಪಕ್ಕದ ಗೋಡೆಗೆ ಗ್ಯಾಸ್ ಗೀಸರು. ಒಳಗೇ.

ಗ್ಯಾಸಿನ ತಿರುಪು ಬಿಗಿಮಾಡಿ, ಮೂಸಿ ನೋಡಿ,
ಬತ್ತಿ ಹಚ್ಚಿ ಹಿಡಿದೆ.
ಹೊಗೆ ನೆಟ್ಟಗೆ ನಿಂತಿತು,
ವಿಳಾಸ ಕೇಳಲು ಯಾರೂ ಸಿಗದ ನೆಂಟನ ಹಾಗೆ.
ಆಮೇಲೆ ಸೂರು ಮುಟ್ಟಿ, ತಿರುಗಿ, ನನ್ನ ಮುಖಕ್ಕೇ ಬಂತು.

"ಸ್ನಾನ ಮಾಡುವಾಗ ತಲೆಸುತ್ತು?"
"ಬರತ್ತೆ. ನೈಟ್ ಡ್ಯೂಟಿ ಅಂದ್ಕೊಂಡೆ.
ಹೋದ ಶುಕ್ರವಾರ ಚೊಂಬು ಕೈಜಾರಿ ಬಿತ್ತು,
ಅದನ್ನ ಎತ್ಕೋಬೇಕು ಅನ್ನೋದೇ ಹೊಳೀಲಿಲ್ಲ."

ಊರಿನವರ ನಾಡಿ ಹಿಡಿಯುವ ಕೈ ಅದು.
ನಾನು ಸಿಡುಕಿದೆ: "ಓದಿದವರು ನೀವು, ಕಿಟಕಿ ಮುಚ್ಚೋದಾ?"

ಅವಳು ಹಾಳೆಯ ಒಂದು ಮೂಲೆ ಕಿತ್ತಳು.
ಮೂರಡಿ ಆಚೆ ಹುಡುಗರ ಪೀಜಿ,
ಅದರ ಮೆಟ್ಟಿಲು ನಮ್ಮ ನೆತ್ತಿಗಿಂತ ಎತ್ತರಕ್ಕೆ.
"ಯುಗಾದಿ ಹಿಂದಿನ ದಿನ ಅಲ್ಲೊಂದು ಮೊಬೈಲು.
ಹಿಡಿದಿದ್ದ ಕೈ ಅಷ್ಟೇ ಕಂಡಿದ್ದು, ಕೆಂಪು ದಾರ ಕಟ್ಟಿತ್ತು.
ಈಗ ಬಸ್ಸಲ್ಲಿ, ವಾರ್ಡಲ್ಲಿ
ಎಲ್ಲರ ಮಣಿಕಟ್ಟು ನೋಡ್ತೀನಿ."

ಈ ಕಾಲಮ್ಮು ಪಟ್ಟಿಯಲ್ಲಿರಲಿಲ್ಲ.
ಎಷ್ಟು ಮನೆಯ ಬಚ್ಚಲಲ್ಲಿ
ರಟ್ಟು, ಹಳೇ ಲಂಗ, ಚುನಾವಣೆಯ ಫ್ಲೆಕ್ಸು ಕಂಡು
ನಾನು 'ಇಲ್ಲ' ಎಂದು ಗೀಚಿ ಇಳಿದು ಬಂದೆನೋ.

ಬಕೆಟ್ಟು ಬೋರಲು ಹಾಕಿ ಹತ್ತಿದೆ.
ಗಾಜಿನ ಪಟ್ಟಿಗಳ ಚೌಕಟ್ಟು ಹಿಂದುಮುಂದಾಗಿ ಕೂತಿದೆ,
ಹೊರಕ್ಕೆ ತಗ್ಗಬೇಕಾದ್ದು ಒಳಕ್ಕೆ ತಗ್ಗಿದೆ:
ಮಳೆಗೂ ದಾರಿ, ಮೇಲಿನ ಕಣ್ಣಿಗೂ ದಾರಿ.
ಯಾವ ಮೇಸ್ತ್ರಿಯ ಯಾವ ಶನಿವಾರದ ಸಂಜೆಯೋ!
ನಾಲ್ಕು ಸ್ಕ್ರೂ. ಅವಳ ಕತ್ತರಿಯ ತುದಿಯಲ್ಲೇ ಬಿಚ್ಚಿ
ಚೌಕಟ್ಟು ತಿರುಗಿಸಿ ಕೂರಿಸಿದೆವು.
ಈಗ ಮೆಟ್ಟಿಲಿನಿಂದ ಇಣುಕಿದವನಿಗೆ
ಬರೀ ಮಸುಕು ಗಾಜು, ಒಂದರ ಮೇಲೊಂದು.

ಇನ್ನೊಂದು ಬತ್ತಿ.
ಹೊಗೆ ಮೊದಲು ನಂಬಲಿಲ್ಲ.
ಆಮೇಲೆ ಪಟ್ಟಿಗಳ ನಡುವೆ ತಲೆತಗ್ಗಿಸಿ
ಹೊರಗೆ ಹೋಯಿತು.

"ಆಯ್ತಾ ಮೇಡಂ? ಇದೆ ತಾನೆ?"
ಗೀಸರು ಬಾಲ್ಕನಿಗೆ ಹೋಗಬೇಕು, ಅಲ್ಲಿವರೆಗೆ ಒಲೆ ಮೇಲೆ ನೀರು,
ಕಿಟಕಿಗೆ ಹೊರಗಿಂದ ಕಂಬಿ, ಪೀಜಿ ಮೆಟ್ಟಿಲಿಗೆ ತಡೆಗೋಡೆ ...
ಷರಾ ಸಾಲದೆ ಹಾಳೆಯ ಬೆನ್ನಿಗೂ ಬರೆದೆ.
ಬ್ಯಾಂಕು ಓದುತ್ತದೋ ಇಲ್ಲವೋ.

ದಾಕ್ಷಾಯಿಣಿ ಎಕ್ಸ್‌ರೇ ಬೆಳಕಿಗೆ ಹಿಡಿದಿದ್ದಳು, ಅಭ್ಯಾಸಬಲ.
"ಯಾರದು?"
"ಯಾರೂ ಒಯ್ಯದೆ ಬಿಟ್ಟಿದ್ದು. ಎದೆ ಕ್ಲಿಯರ್ ಇದೆ ನೋಡಿ."
ನೋಡಿದೆ. ಅಮ್ಮನದು ಹೀಗಿರಲಿಲ್ಲ.

ಕಡ್ಡಿ ನೀರಿಗೆ ಅದ್ದಿ ಚೀಲಕ್ಕೆ ಹಾಕಿಕೊಂಡೆ.
ಮುಂದಿನ ಮನೆ ಬೋಗಾದಿ, ಹನ್ನೊಂದೂವರೆಗೆ.